ಗಂಗಕ್ಕನ ಮೂಗಿನ ತೀರ್ಪು

ಕಂಪ್ಲಿ ಬಜಾರಿನಲ್ಲಿ ಗಂಗಕ್ಕನ ಫ್ಯಾನ್ಸಿ ಸ್ಟೋರಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಎದೆಮಟ್ಟದ್ದು. ಅಲ್ಲಿ ಆಡಿದ ಮಾತೆಲ್ಲ ನಾನು ಬೇಡವೆಂದರೂ ನನ್ನ ಕಿವಿಗೆ ಬೀಳುತ್ತದೆ. ಬೇಡವೆಂದು ನಾನು ಯಾವತ್ತೂ ಅಂದಿಲ್ಲ ಬಿಡಿ.

ಗಂಗಾಂಬಿಕಾ ಅವಳ ಪೂರ್ತಿ ಹೆಸರು. ಪೌಡರು, ಸ್ನೋ, ಸೆಂಟು, ತಲೆಗೆ ಹಚ್ಚುವ ಬಣ್ಣ ಮಾರಿ ಮಾರಿ ಅವಳಿಗೊಂದು ಚಟ ಹತ್ತಿಬಿಟ್ಟಿತ್ತು. ಮನುಷ್ಯ ಮೈಗೆ ಏನು ಹಚ್ಚಿಕೊಂಡಿದ್ದಾನೆ ಎಂದು ಮೂಗಿನಲ್ಲೇ ತಿಳಿದು, ಅವನ ಗುಣ ಇಂಥದ್ದು ಎಂದು ಹೇಳಿಬಿಡುವುದು. ಕತ್ತಿಗೆ ಬಿಳೀ ಪೌಡರ್ ಮೆತ್ತಿಕೊಂಡವನು ಅತ್ತೆ ಮನೆಗೆ ಹೆದರುವವನು. ತಲೆಗೆ ಎಣ್ಣೆ ಸುರಿದುಕೊಂಡವನು ಕೈ ಬಿಗಿ. ಸೆಂಟು ಜಾಸ್ತಿ ಹೊಡೆದುಕೊಂಡ ಗಂಡಸು ಏನೋ ಮುಚ್ಚಿಡುತ್ತಿದ್ದಾನೆ, ಒಂದೋ ಕುಡಿತ, ಇಲ್ಲವೇ ಹೆಣ್ಣು. ನಾನು ಗುಲಾಬಿ ವಾಸನೆಯ ಪೌಡರ್ ಹಚ್ಚುತ್ತೇನೆಂದು ನನ್ನನ್ನು ಜಗಳಗಂಟಿ ಎಂದಿದ್ದಳು. ಆ ಮಾತಿಗೇ ನಾನು ಎರಡು ದಿನ ಜಗಳವಾಡಿದೆ.

ಎಮ್ಮಿಗನೂರಿನ ಒಂದು ಮನೆಯವರು ಮಗಳಿಗೆ ನೋಡಿದ ಹುಡುಗನ ಸೆಂಟಿನ ಬಗ್ಗೆ ಅವಳು ಆಡಿದ ಮಾತು ಕೇಳಿ ಸಂಬಂಧವನ್ನೇ ಬಿಟ್ಟರು. ಆ ಹುಡುಗ ಮುಂದೆ ಕುಡಿದು ಬಿದ್ದು ಹಲ್ಲು ಮುರಿದುಕೊಂಡ. ಅಲ್ಲಿಂದ ಅವಳ ಮೂಗಿಗೆ ಊರಲ್ಲಿ ದೊಡ್ಡ ಮರ್ಯಾದೆ. ನಿಜ ಹೇಳಬೇಕೆಂದರೆ ಸರಿಬಿದ್ದದ್ದನ್ನು ಮಾತ್ರ ಅವಳು ಸಾರುತ್ತಿದ್ದಳು. ತಪ್ಪಿದ್ದನ್ನೆಲ್ಲ ಸದ್ದಿಲ್ಲದೆ ನುಂಗುತ್ತಿದ್ದಳು.

ಅವಳ ಗಂಡ ಕೊಟ್ರಯ್ಯನವರು ರೈಸ್ ಮಿಲ್ಲಿನಲ್ಲಿ ಭತ್ತ ತೂಗಿಸಿಕೊಳ್ಳುವ ಕೆಲಸದವರು. ತಗ್ಗಿಸಿದ ತಲೆ ಎತ್ತದ ಮನುಷ್ಯ. ಹಣೆಗೆ ವಿಭೂತಿ, ತಲೆಗೆ ಕೊಬ್ಬರಿ ಎಣ್ಣೆ, ಮುಗಿಯಿತು. ನನ್ನ ಗಂಡನ ಮೈಯಲ್ಲಿ ಬಚ್ಚಿಡುವುದೇನೂ ಇಲ್ಲ ಎಂದು ಗಂಗಕ್ಕ ಬಂದವರೆದುರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಹೋದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂದು ಒಂದು ವಾರ ಮಲಗಿದ್ದರು. ಎದ್ದು ಕೆಲಸಕ್ಕೆ ಹೊರಟ ಮೇಲೆ ಸುರುವಾಯಿತು ನೋಡಿ. ಕೊಟ್ರಯ್ಯನವರು ಘಮಘಮ ಎನ್ನತೊಡಗಿದರು. ಘಮಘಮ ಎಂದರೆ ಸುಮ್ಮನೆ ಅಲ್ಲ. ಅವರು ಬಜಾರಿನಲ್ಲಿ ಸೈಕಲ್ ಮೇಲೆ ಹೋದರೆ ನಾನು ತಲೆ ಎತ್ತದೆಯೇ ಯಾರು ಹೋದರೆಂದು ಹೇಳುತ್ತಿದ್ದೆ. ಮಿಲ್ಲಿನ ಹಮಾಲರು ನಗುತ್ತಿದ್ದರಂತೆ. ಯಾಕ್ರೀ ಇದು ಎಂದು ಗಂಗಕ್ಕ ಕೇಳಿದಾಗ, ಬೆವರು ಜಾಸ್ತಿ ಎಂದರಂತೆ. ಭಾನುವಾರ ಬಂದರೆ ಸಾಕು, ಕೆಲಸ ಇದೆ ಎಂದು ಹೊಸಪೇಟೆ ಬಸ್ಸು ಹತ್ತುತ್ತಿದ್ದರು. ಏನು ಕೆಲಸ ಎಂದರೆ ಬಾಯಿ ಬಿಡುತ್ತಿರಲಿಲ್ಲ.

ಗಂಗಕ್ಕ ಒಳಗೊಳಗೇ ಕುದಿಯುತ್ತಿದ್ದಳು. ಅಂಗಡಿಗೆ ಬಂದವರ ಗುಣ ಹೇಳುವುದನ್ನೂ ಬಿಟ್ಟಳು. ಬಳೆ ತೊಡಿಸಿಕೊಳ್ಳಲು ಕೂತವರ ಕೈ ಹಿಡಿದು ಎಲ್ಲೋ ನೋಡುತ್ತಿದ್ದಳು. ನನಗೂ ಸಂಕಟವಾಗುತ್ತಿತ್ತು. ಎಷ್ಟಾದರೂ ಪಕ್ಕದ ಅಂಗಡಿಯ ಜೀವ.

ಒಂದು ಮಧ್ಯಾಹ್ನ ಗೋಡೆಯ ಮೇಲೆ ಒಂದು ಬಾಟಲಿಯನ್ನು ಟಕ್ಕೆಂದು ಇಟ್ಟಳು. ಗಂಡನ ಅಂಗಿಗಳ ಅಡಿಯಲ್ಲಿ ಸಿಕ್ಕಿದ್ದಂತೆ. ಹೊಸಪೇಟೆಯ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದಳು. ಮಲ್ಲಿಗೆ. ಅಪ್ಪಟ ಹೆಂಗಸರ ಸೆಂಟು.

"ನಮ್ಮ ಅಂಗಡಿ ತುಂಬ ಸೆಂಟು ಐತಿ. ಅದನ್ನ ಬಿಟ್ಟು ಹೊಸಪೇಟಿಗೆ ಹೋಗಿ ಹೆಂಗಸರ ಸೆಂಟು ತರ್ತಾರ ಅಂದ್ರ ಏನರ್ಥ ಅನುಸೂಯಾ? ಯಾವಳೋ ಕೊಡಿಸ್ಯಾಳ ಇದನ್ನ," ಎಂದಳು. ಈಗಲೇ ಮನೆಗೆ ಹೋಗಿ ಕೇಳಿಬಿಡುತ್ತೇನೆ, ಅವರು ಹೌದು ಅಂದರೆ ತವರಿಗೆ ಹೋಗಿಬಿಡುತ್ತೇನೆ, ಸಾಕ್ಷಿಗೆ ನೀನೂ ಬಾ ಎಂದು ನನ್ನ ಕೈ ಹಿಡಿದಳು. ಗಂಡ ಹೆಂಡಿರ ಜಗಳಕ್ಕೆ ಸಾಕ್ಷಿ ಹೋಗುವ ಹುಚ್ಚಿ ನಾನಲ್ಲ. ಆದರೆ ಅವಳು ಹಿಡಿದ ಕೈ ಬಿಡಲಿಲ್ಲ. ಮಷಿನ್ನಿಗೆ ಬಟ್ಟೆ ಹೊದಿಸಿ ಎದ್ದೆ.

ಕೊಟ್ರಯ್ಯನವರು ಮಿಲ್ಲಿನಿಂದ ಊಟಕ್ಕೆ ಬಂದರೆ ಮೈಮೇಲಿನ ಹೊಟ್ಟಿನ ಧೂಳು ಹೋಗುವಂತೆ ಸ್ನಾನ ಮಾಡಿ, ದೀಪ ಹಚ್ಚಿ, ಲಿಂಗಪೂಜೆ ಮುಗಿಸಿಯೇ ತಟ್ಟೆಯ ಮುಂದೆ ಕೂರುವುದು. ಆ ಹೊತ್ತಿಗೇ ನಾವು ಹೋದದ್ದು. ಬಾಗಿಲು ತಳ್ಳಿದರೆ ಗ್ಯಾಸಿನ ವಾಸನೆ ಮುಖಕ್ಕೆ ರಪ್ಪೆಂದು ಬಡಿಯಿತು. ಬಿಸಿಗಿಟ್ಟ ಸಾರು ಉಕ್ಕಿ ಒಲೆ ಆರಿದೆ, ಗ್ಯಾಸು ಬುಸ್ಸೆನ್ನುತ್ತಿದೆ. ಅಡುಗೆಮನೆಯ ಪಕ್ಕದ ದೇವರ ಗೂಡಿನ ಎದುರು ಕೊಟ್ರಯ್ಯನವರು ನೆಮ್ಮದಿಯಾಗಿ ಕೂತು ಕಡ್ಡಿಪೆಟ್ಟಿಗೆ ತೆರೆಯುತ್ತಿದ್ದಾರೆ!

"ಕಡ್ಡಿ ಗೀರಬ್ಯಾಡ್ರಿ!"

ಗಂಗಕ್ಕನ ಆ ಕೂಗಿಗೆ ಅವರ ಕೈಯಿಂದ ಪೆಟ್ಟಿಗೆ ಜಾರಿ ಬಿತ್ತು. ಅವಳು ಅದನ್ನು ಕಾಲಿನಿಂದ ಅಂಗಳಕ್ಕೆ ಒದ್ದು ಒಲೆ ಬಂದ್ ಮಾಡಿದಳು. ನಾನು ಕಿಟಕಿ ಬಾಗಿಲೆಲ್ಲ ತೆಗೆದೆ. ನನ್ನ ಜೀವ ಬಾಯಿಗೆ ಬಂದಿತ್ತು. ಮೂವರೂ ಅಂಗಳದಲ್ಲಿ ಏದುಸಿರು ಬಿಡುತ್ತ ನಿಂತೆವು. ಕೊಟ್ರಯ್ಯನವರು ಮಾತ್ರ ಏನಾಯಿತೆಂದು ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತಿದ್ದರು.

ಗಂಗಕ್ಕ ಅವರನ್ನೇ ದಿಟ್ಟಿಸಿದಳು. "ಇಷ್ಟು ವಾಸ್ನಿ ಬಂದೈತಿ. ನಿಮಗ ಗೊತ್ತಾಗ್ಲಿಲ್ಲೇನ್ರಿ?"

ಅವರು ತಲೆ ತಗ್ಗಿಸಿದರು. ಜ್ವರ ಬಂದು ಹೋದಾಗಿನಿಂದ ಮೂಗಿಗೆ ಏನೂ ತಿಳಿಯುವುದಿಲ್ಲ ಎಂದರು. ಹೊಸಪೇಟೆಯ ಡಾಕ್ಟರರಿಗೆ ತೋರಿಸುತ್ತಿದ್ದಾರಂತೆ. ನಿಧಾನಕ್ಕೆ ಬರಬಹುದು, ಕಾಯಬೇಕು ಎಂದಿದ್ದಾರಂತೆ. ಅಲ್ಲಿಯ ಅಂಗಡಿಯಲ್ಲಿ ಕೈಗೆ ಸಿಕ್ಕ ಬಾಟಲಿ ತಂದದ್ದು. ಅದು ಹೆಂಗಸರದ್ದೋ ಗಂಡಸರದ್ದೋ ಅವರಿಗೆ ಹೇಗೆ ಗೊತ್ತಾಗಬೇಕು?

"ಮತ್ತ ಸೆಂಟ್ ಯಾಕ್ರಿ ಹಚ್ಚಬೇಕಿತ್ತು?" ಗಂಗಕ್ಕನ ದನಿ ಇಳಿದಿತ್ತು.

"ನನ್ನ ಮೈ ವಾಸ್ನಿ ನನಗ ತಿಳ್ಯಂಗಿಲ್ಲ. ಬೆವರು ನಾರತೈತೋ ಏನೋ. ನೀ ನೋಡಿದ್ರ ಮಂದೀನ ಬರೇ ವಾಸ್ನಿ ಮ್ಯಾಲೆ ತೂಗ್ತಿ. ನನ್ನ ಹೆಂಗ ತೂಗ್ತೀಯೋ ಅಂತ ಅಂಜಿಕಿ ಆಗಿತ್ತು, ಗಂಗಾ."

ಗಂಗಕ್ಕ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದಳು. ಬೇರೆ ಹೆಂಗಸಿಲ್ಲ, ಮನುಷ್ಯನೂ ಸುಟ್ಟು ಹೋಗಲಿಲ್ಲ. ಎರಡೂ ಒಟ್ಟಿಗೇ ತಿಳಿದದ್ದಕ್ಕೋ ಏನೋ, ಒಂದೇ ಉಸಿರಿಗೆ ಅಳುತ್ತಲೂ ನಗುತ್ತಲೂ ಇದ್ದಳು. ನಾನೂ ಅತ್ತೆ. ಯಾಕೆಂದು ಕೇಳಬೇಡಿ, ಹೋದ ಜೀವ ಮರಳಿ ಬಂದರೆ ಹಾಗೇ ಆಗುವುದು.

ಕೊಟ್ರಯ್ಯನವರು ಗಾಬರಿಯಾಗಿ, ಈಗ ನಾನು ನಾರುತ್ತಿದ್ದೇನಾ ಎಂದು ಕೇಳಿದರು. ಗಂಗಕ್ಕ ಎದ್ದು ಹೋಗಿ, ನಾನಿದ್ದೇನೆಂಬ ಖಬರೂ ಇಲ್ಲದೆ, ಅವರ ಕುತ್ತಿಗೆಯ ಹತ್ತಿರ ಮೂಗು ತಂದಳು. ಕಣ್ಣು ಮುಚ್ಚಿಕೊಂಡು ಉದ್ದಕ್ಕೆ ಉಸಿರೆಳೆದಳು.

"ಹಣೀಗೆ ಹಚ್ಚಿದ ಈಬತ್ತಿ ವಾಸ್ನಿ ಬರತೈತಿ. ನನ್ನ ಗಂಡನ ವಾಸ್ನಿ," ಎಂದಳು.

ಅವರ ಕಣ್ಣಲ್ಲಿ ನೀರು ತುಂಬಿತು. ಇಷ್ಟು ದಿನ ಇದನ್ನು ಯಾರಲ್ಲಿ ಕೇಳಬೇಕೋ ತಿಳಿಯದೆ ಒದ್ದಾಡಿದ್ದೆ ಎಂದು ಹೇಳಿ, ಹೆಂಡತಿಯ ಕೈ ಹಿಡಿದುಕೊಂಡು ಮಗುವಿನಂತೆ ನಿಂತುಬಿಟ್ಟರು. ನಾನು ಸದ್ದು ಮಾಡದೆ ಗೇಟು ಎಳೆದುಕೊಂಡು ಅಂಗಡಿಗೆ ಹೊರಟೆ.