ಮೇಲಿನ ತಂಡದ ಪ್ಯಾಂಟು

ಇವತ್ತು ಭಾನುವಾರ. ಬೆಳಿಗ್ಗೆ ನಳದ ನೀರು ಬಂತು. ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಸಿ, ಕೊನೆಗೆ ಹಬ್ಬದ ದೊಡ್ಡ ಪಾತ್ರೆಯನ್ನೂ ಇಳಿಸಿ ತುಂಬಿದೆ. ಅಂಗಳ ತೊಳೆದೆ. ನಿನ್ನೆ ಹೊಲಿದು ಮುಗಿದಿದ್ದ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸಿ ಕಟ್ಟು ಕಟ್ಟಿಟ್ಟೆ. ರೊಟ್ಟಿ ಬಡಿದೆ, ಬದನೆಕಾಯಿ ಎಣ್ಣೆಗಾಯಿ ಮಾಡಿದೆ, ಶೇಂಗಾ ಚಟ್ನಿ ಕುಟ್ಟಿದೆ. ಮೈದುನನ ಮಂಡಿಗೆಂದು ಎಳ್ಳೆಣ್ಣೆ ಬಿಸಿ ಮಾಡಿ ಕೊಟ್ಟೆ. ಬುತ್ತಿಯನ್ನು ನಮ್ಮ ಮನೆಯವರ ಹಳೆಯ ಪಂಚೆಯಲ್ಲಿ ಕಟ್ಟಿಕೊಂಡು, ಬಳ್ಳಾರಿ ತಂಡದ ಬೇಸ್‌ಬಾಲ್ ಆಟ ನೋಡಲು ಮೊದಲ ಸಲ ಹೋದೆ.

ಇದೇ ಊರಿನಲ್ಲಿದ್ದುಕೊಂಡು ಇದೇ ಊರಿನ ತಂಡದ ಆಟವನ್ನು ಇಷ್ಟು ವರ್ಷ ಯಾಕೆ ನೋಡಲಿಲ್ಲ ಎಂದರೆ, ನಮ್ಮ ಮನೆಯವರೇ ನೋಡುವುದಿಲ್ಲ. ಅವರಿಗೆ ಬೇಕಾದದ್ದು ಕೆಳಗಿನ ತಂಡಗಳು. ನಮ್ಮ ಕ್ಲಬ್ಬಿಗೆ ಮೂರು ತಂಡ: ಎಲ್ಲಕ್ಕಿಂತ ಮೇಲೆ ಬಳ್ಳಾರಿಯದು, ಅದರ ಕೆಳಗೆ ಕುರುಗೋಡಿನದು, ತಳದಲ್ಲಿ ಸಿರುಗುಪ್ಪದ್ದು. ಹುಡುಗರು ಸಿರುಗುಪ್ಪದಲ್ಲಿ ಶುರು ಮಾಡಬೇಕು, ಪಳಗಿದರೆ ಕುರುಗೋಡಿಗೆ, ಅಲ್ಲಿಯೂ ಪಳಗಿದರೆ ಬಳ್ಳಾರಿಗೆ. ಹೀಗೆಂದು ಕ್ಲಬ್ಬಿನ ಪ್ರೆಸಿಡೆಂಟರು ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ಸಿರುಗುಪ್ಪ ನಮ್ಮ ಸಸಿಮಡಿ ಎನ್ನುವುದು ಅವರ ಇಷ್ಟದ ಮಾತು. ಅವರು ಭತ್ತ ನೆಟ್ಟವರಲ್ಲ. ನಾನು ಆ ಕಡೆಯಲ್ಲೇ ಹುಟ್ಟಿದವಳು. ಸಸಿಯನ್ನು ಮಡಿಯಲ್ಲೇ ಬಹಳ ದಿನ ಬಿಟ್ಟರೆ ಅದು ಅಲ್ಲೇ ಗಂಟು ಕಟ್ಟುತ್ತದೆ, ಆಮೇಲೆ ಎಲ್ಲಿ ನೆಟ್ಟರೂ ತೆನೆ ಕಟ್ಟುವುದಿಲ್ಲ. ಇದನ್ನು ಅವರಿಗೆ ಹೇಳುವವರು ಯಾರು.

ನಮ್ಮ ಮನೆಯವರು ಜೀವನದಲ್ಲಿ ಒಂದು ಚೆಂಡು ಹಿಡಿದವರಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಹೊಲಿಗೆ ಮಷೀನು ಹಾಕಿಕೊಂಡು ದೊಡ್ಡ ಕಾರ್ಖಾನೆಗಳಿಗೆ ಜೀನ್ಸ್ ಹೊಲಿದುಕೊಡುತ್ತಾರೆ. ಆದರೆ ಕುರುಗೋಡಿನಲ್ಲಿ ಯಾವ ಹುಡುಗನ ಎಡಗೈ ಚುರುಕು, ಸಿರುಗುಪ್ಪದಲ್ಲಿ ಯಾರ ಭುಜ ನೋಯುತ್ತಿದೆ, ಯಾರು ಯಾರ ಮದುವೆಗೆಂದು ಆಟ ತಪ್ಪಿಸಿದ, ಎಲ್ಲ ಬಾಯಿಪಾಠ. ಮನೆಯಲ್ಲಿ ಬೆಲ್ಲದ ಡಬ್ಬಿ ಎಲ್ಲಿದೆ ಎಂದು ಕೇಳಿ, ತಿಳಿದಿದ್ದರೆ ನನ್ನ ಕಿವಿ ಹಿಂಡಿ. ಬಳ್ಳಾರಿ ತಂಡ ಗೆದ್ದರೂ ಸೋತರೂ ಅವರಿಗೆ ಅಷ್ಟಕ್ಕಷ್ಟೆ. ಮೇಲೆ ಬಂದವನ ಮೇಲೆ ಅವರಿಗೆ ಆಸಕ್ತಿ ಉಳಿಯುವುದಿಲ್ಲ. ಬರಬಹುದು, ಬಂದರೂ ಬರಬಹುದು ಎಂಬಲ್ಲಿ ನಿಂತವನ ಮೇಲೇ ಅವರ ಜೀವ. ಮಾವಿನ ಹಣ್ಣು ಬೇಡ, ಹೀಚು ಸಾಕು ಎನ್ನುವ ಜಾತಿಯ ಮನುಷ್ಯ.

ಅವರ ಹೀಚುಗಳಲ್ಲಿ ಎಲ್ಲಕ್ಕಿಂತ ಹಳೆಯದು ಅವರ ಸ್ವಂತ ತಮ್ಮ, ನನ್ನ ಮೈದುನ. ಸಿರುಗುಪ್ಪ ತಂಡದ ಕ್ಯಾಚರ್. ಕ್ಯಾಚರ್ ಎಂದರೆ ಬ್ಯಾಟು ಹಿಡಿದವನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಮುಖಕ್ಕೆ ಜಾಲರಿಯ ಮಾಸ್ಕು ಕಟ್ಟಿಕೊಂಡು, ಎಸೆದ ಚೆಂಡನ್ನೆಲ್ಲ ಹಿಡಿಯುವವನು. ಮೈದಾನದಲ್ಲಿ ಬೇಸು ಎಂದು ಗುರುತಿಟ್ಟ ನಾಲ್ಕು ಮೂಲೆಗಳಿವೆ; ಎದುರಾಳಿ ಯಾರಾದರೂ ಒಂದು ಬೇಸಿನಿಂದ ಮುಂದಿನ ಬೇಸಿಗೆ ಕದ್ದು ಓಡಿದರೆ ಅವನು ಥಟ್ಟನೆ ಎದ್ದು, ಓಡುವವನಿಗಿಂತ ಮೊದಲು ಚೆಂಡು ಅಲ್ಲಿಗೆ ಮುಟ್ಟುವಂತೆ ಎಸೆಯಬೇಕು. ನನ್ನ ಮೈದುನ ಈ ಕೆಲಸವನ್ನು ಮೀಸೆ ಮೂಡುವಾಗ ಶುರು ಮಾಡಿದ; ಈಗ ಮೀಸೆಯಲ್ಲಿ ಬಿಳಿ ಕೂದಲು ಕಾಣುತ್ತಿದೆ. ಕ್ಲಬ್ಬಿನವರ ಬಾಯಲ್ಲಿ ಅವನು ಇನ್ನೂ ಭರವಸೆಯ ಆಟಗಾರ. ಪ್ರತಿ ವರ್ಷ ಕಮಿಟಿಯವರು ಕಾರಿನಲ್ಲಿ ಸಿರುಗುಪ್ಪಕ್ಕೆ ಬರುತ್ತಾರೆ, ಶಾಮಿಯಾನದ ನೆರಳಿನಲ್ಲಿ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾರೆ, ಕೈ ಒರೆಸಿಕೊಂಡು ಇವನ ಬಗ್ಗೆ ಅದೇ ತೀರ್ಪು ಕೊಡುತ್ತಾರೆ: ಕೈ ಚಲೋ, ಕಾಲು ಭಾರ, ಏಳುವುದು ತಡ. ಮುಂದಿನ ವರ್ಷ ನೋಡೋಣ.

ಕಾಲು ಯಾಕೆ ಭಾರ ಎಂದು ಯಾರೂ ಕೇಳಲಿಲ್ಲ. ಆ ಕಥೆ ಬಳ್ಳಾರಿಯಲ್ಲಿ ಮಾತ್ರ ನಡೆಯುವಂಥದ್ದು. ಪ್ರೆಸಿಡೆಂಟರದು ಜೀನ್ಸ್ ಕಾರ್ಖಾನೆ. ಮೇಲಿನ ತಂಡಕ್ಕೆ ಎಲ್ಲಿಂದಲೋ ತೆಳುವಾದ ಬಿಳಿ ಬಟ್ಟೆಯ ಪ್ಯಾಂಟು ತರಿಸಿದರು. ಕೆಳಗಿನ ಎರಡು ತಂಡಕ್ಕೆ, ಗೋದಾಮಿನಲ್ಲಿ ಉಳಿದುಬಿದ್ದಿದ್ದ ಜೀನ್ಸ್ ಬಟ್ಟೆಯಲ್ಲೇ ಹೊಲಿಸಿದರು. ಹೊಲಿದವರು ಬೇರೆ ಯಾರೂ ಅಲ್ಲ, ನಮ್ಮ ಮನೆಯವರೇ. ಎಷ್ಟು ಅಭಿಮಾನದಿಂದ ಹೊಲಿದರು ಎಂದರೆ, ಮಂಡಿಯ ಹತ್ತಿರ ಒಳಗಿನಿಂದ ಇನ್ನೊಂದು ಪದರ ಕೊಟ್ಟು, ಹೊಲಿಗೆಯ ಮೇಲೆ ಹೊಲಿಗೆ ಹಾಕಿ, ಗಾಡಿಗೆ ಕಟ್ಟಿ ಎಳೆದರೂ ಹರಿಯದ ಹಾಗೆ ಮಾಡಿದರು. ಹರಿಯಲೂ ಇಲ್ಲ. ಈ ಊರಿನಲ್ಲಿ ಯಾವ ಕಷ್ಟಕ್ಕೂ ಜೀನ್ಸೇ ಮದ್ದು ಎಂದು ನಂಬುವ ಗಂಡಸರಿದ್ದಾರೆ. ಅದನ್ನು ತೊಟ್ಟು ಒಂದು ದಿನ ಬಟ್ಟೆ ಒಗೆಯಲು ಕೂತಿದ್ದರೆ ಅವರಿಗೆ ತಿಳಿಯುತ್ತಿತ್ತು. ಬಿಸಿಲಿಗೆ ಕಾದು, ಬೆವರಿಗೆ ನೆನೆದು, ಮಂಡಿಯ ಹಿಂದೆ ತಗಡಿನಂತೆ ಕೊರೆಯುತ್ತದೆ. ಮೈದುನನ ಮಂಡಿಯ ಹಿಂದೆ ಕಪ್ಪು ಗೆರೆ ಬಿದ್ದಿದೆ, ಎತ್ತಿನ ಹೆಗಲಿಗೆ ನೊಗ ಉಜ್ಜಿದ ಹಾಗೆ. ನಾನು ಅದನ್ನು ಒಂದೆರಡು ಸಲ ಎತ್ತಿ ಆಡಿದೆ. ಯೂನಿಫಾರ್ಮು ಅಂದಮೇಲೆ ಯೂನಿಫಾರ್ಮು ಎಂದು ಅಣ್ಣತಮ್ಮ ಇಬ್ಬರೂ ನನ್ನನ್ನು ಅಡುಗೆಮನೆಗೆ ಕಳಿಸಿದರು.

ಸಿರುಗುಪ್ಪದ ಮೈದಾನವನ್ನೂ ಕುರುಗೋಡಿನದನ್ನೂ ನಾನು ಕಂಡಿದ್ದೇನೆ. ಸಿರುಗುಪ್ಪದ್ದು ಕಪ್ಪು ಮಣ್ಣು. ಕಾಲುವೆಗೆ ನೀರು ಬಿಟ್ಟ ಕಾಲದಲ್ಲಿ ಪಕ್ಕದ ಗದ್ದೆಯಿಂದ ಜಿನುಗಿ ಮೈದಾನದ ಒಂದು ಅಂಚು ರಾಡಿ. ಚೆಂಡು ಗದ್ದೆಗೆ ಬಿದ್ದರೆ ಜೀನ್ಸ್ ತೊಟ್ಟವರು ಮೊಣಕಾಲುದ್ದ ಕೆಸರಿನಲ್ಲಿ ಹುಡುಕುತ್ತಾರೆ, ಗದ್ದೆಯವನು ಬದುವಿನ ಮೇಲೆ ನಿಂತು ಬೈಯುತ್ತಾನೆ. ಕುರುಗೋಡಿನದು ಬಂಡೆಗುಡ್ಡದ ಬುಡ. ನೆಲದಲ್ಲಿ ಮಣ್ಣಿಗಿಂತ ಕಲ್ಲು ಹೆಚ್ಚು, ಚೆಂಡು ಎತ್ತ ಜಿಗಿಯುತ್ತದೆ ಎಂದು ಚೆಂಡಿಗೇ ಗೊತ್ತಿಲ್ಲ. ಇಂಥ ಎರಡು ಜಾಗಗಳನ್ನು ಸುತ್ತಲು ನಮ್ಮ ಮನೆಯವರು ಬೈಕಿಗೆ ಹಾಕಿದ ಪೆಟ್ರೋಲಿನ ಮಾತು ಎತ್ತಬಾರದು, ಎತ್ತುವುದಿಲ್ಲ.

ಈ ಸಲದ ವಿಷಯ ಬೇರೆ ಇತ್ತು. ಮೈದುನ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸಕ್ಕಿದ್ದಾನೆ. ಗಿರಣಿಯ ಸಾಹುಕಾರರು ಅವನನ್ನು ಲೋಡಿಂಗ್ ಮೇಸ್ತ್ರಿ ಮಾಡುತ್ತೇನೆ ಎಂದಿದ್ದರು. ಆದರೆ ಲಾರಿಗಳು ತುಂಬುವುದು ಭಾನುವಾರವೇ, ಮೇಸ್ತ್ರಿಯಾದರೆ ಭಾನುವಾರ ಬಿಡುವಿಲ್ಲ. ಅಂದರೆ ಆಟ ಬಂದ್. ಸೋಮವಾರ ಉತ್ತರ ಹೇಳು ಎಂದು ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಶನಿವಾರ ಕ್ಲಬ್ಬಿನಿಂದ ಫೋನು. ಬಳ್ಳಾರಿ ತಂಡದ ಕ್ಯಾಚರನ ಹೆಬ್ಬೆರಳು ಊದಿಕೊಂಡಿದೆ, ನೀನು ಮೇಲಕ್ಕೆ ಬಾ ಎಂದು. ರಾತ್ರಿಯ ಬಸ್ಸಿಗೇ ತೆಕ್ಕಲಕೋಟೆ ಮಾರ್ಗವಾಗಿ ಬಂದುಬಿಟ್ಟ. ಊಟಕ್ಕೆ ಕೂತಾಗ ಅಣ್ಣನ ಮುಂದೆ ಮಾತಾಡಲಿಲ್ಲ. ಅವರು ಕೈ ತೊಳೆಯಲು ಎದ್ದಾಗ ನನಗೆ ಹೇಳಿದ:

"ಅತ್ತಿಗಿ, ನಾಳೆ ಅವ್ರು ನನ್ನ ಮ್ಯಾಲ ಇಟ್ಕೊಂಡ್ರ ಮೇಸ್ತ್ರಿಕಿ ಬ್ಯಾಡ ಅಂತೀನಿ. ಇಟ್ಕೊಳ್ಳಲಿಲ್ಲಂದ್ರ ಗ್ಲೌಸು ಅಟ್ಟದ ಮ್ಯಾಲ ಇಡತೀನಿ. ಮತ್ತ ಮುಂದಿನ ವರ್ಷ ಅನ್ನೂದು ನನ್ನ ಕೈಲಿ ಆಗೂದಿಲ್ಲ."

ಅದಕ್ಕೇ ನಾನೂ ಹೋದೆ.

ಮೈದಾನದಲ್ಲಿ ಕಂಡದ್ದೇನು? ಬಳ್ಳಾರಿಯ ಕ್ಯಾಚರ್ ಹೆಬ್ಬೆರಳಿಗೆ ಬಿಳಿ ಪಟ್ಟಿ ಸುತ್ತಿಕೊಂಡು, ಯೂನಿಫಾರ್ಮು ತೊಟ್ಟು, ಮೊದಲೇ ಬಂದು ನಿಂತಿದ್ದ. ಇನ್ನೊಬ್ಬನನ್ನು ಕರೆಸಿದ್ದಾರೆ ಎಂದು ಕೇಳಿ ನೋವು ಇಳಿದಿತ್ತೋ ಏನೋ. ವಯಸ್ಸಿನಲ್ಲಿ ನನ್ನ ಮೈದುನನಿಗಿಂತ ಬಹಳ ಚಿಕ್ಕವನು. ಕಮಿಟಿಯವರು ಮೈದುನನಿಗೆ ನೀನು ಆ ಕಡೆ ಬೇಲಿಯ ಹತ್ತಿರ ಕೂತು, ಚೆಂಡು ಎಸೆಯುವ ಪಿಚರ್‌ಗಳ ಕೈ ಬೆಚ್ಚಗಾಗುವವರೆಗೆ ಚೆಂಡು ಹಿಡಿ ಎಂದರು. ಅವನು ತನ್ನ ಜೀನ್ಸಿನಲ್ಲಿ ಕೂತ. ಬೇಲಿಯ ಹತ್ತಿರ, ಬಿಸಿಲಿನಲ್ಲಿ, ಆಟದಿಂದ ಅಷ್ಟು ದೂರ. ಪ್ರೆಸಿಡೆಂಟರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಫೋನು ನೋಡುತ್ತಿದ್ದರು. ನಮ್ಮ ಮನೆಯವರು ನನ್ನ ಪಕ್ಕ ಕೂತು, ಎದುರಿನ ಆಟ ಬಿಟ್ಟು, ಕುರುಗೋಡಿನ ಎಡಗೈ ಹುಡುಗನ ಗುಣಗಾನ ನಡೆಸಿದ್ದರು. ನಿಮ್ಮ ತಮ್ಮ ಬೇಲಿ ಹತ್ತಿರ ಬೇಯುತ್ತಿದ್ದಾನೆ ಎಂದೆ. ಕರೆದದ್ದೇ ದೊಡ್ಡದು ಬಿಡು ಎಂದರು.

ಅರ್ಧ ಆಟ ಮುಗಿಯುವಾಗ ಹೆಬ್ಬೆರಳು ಕೈಕೊಟ್ಟಿತು. ಚೆಂಡು ಗ್ಲೌಸಿನಿಂದ ಜಾರತೊಡಗಿತು, ಹೊರಊರಿನ ತಂಡದವರು ಕಂಡ ಕಂಡ ಬೇಸಿಗೆ ಕದ್ದು ಓಡತೊಡಗಿದರು. ಆಗ ಬೇಲಿಯ ಕಡೆಗೆ ಕೂಗು ಹೋಯಿತು. ಮೈದುನ ಓಡಿ ಬಂದ. ಬಂದವನನ್ನು ಕಮಿಟಿಯವರು ಮೈದಾನದ ಗೆರೆಯಲ್ಲೇ ನಿಲ್ಲಿಸಿದರು. ಜೀನ್ಸಿನಲ್ಲಿ ಮೇಲಿನ ತಂಡಕ್ಕೆ ಆಡುವ ಹಾಗಿಲ್ಲ. ಎಂಥ ಶಿಸ್ತು ನೋಡಿ. ಹೊಲಿಸಿಕೊಟ್ಟವರೇ ಅದನ್ನು ನೋಡಿ ಮೂಗು ಮುರಿದರು. ಕೊನೆಗೆ ಇಬ್ಬರೂ ನೀರಿನ ಟ್ಯಾಂಕರಿನ ಹಿಂದೆ ಹೋಗಿ ಪ್ಯಾಂಟು ಅದಲುಬದಲು ಮಾಡಿಕೊಂಡು ಬಂದರು.

ಆಮೇಲಿನದನ್ನು ನನಗೆ ಆಟದ ಭಾಷೆಯಲ್ಲಿ ಹೇಳಲು ಬರುವುದಿಲ್ಲ. ಆ ತೆಳು ಪ್ಯಾಂಟಿನಲ್ಲಿ ಅವನು ಕೂತ ರೀತಿಯೇ ಬೇರೆ ಇತ್ತು. ಮಗ್ಗುಲು ಬದಲಿಸಲಿಲ್ಲ, ಮಂಡಿಯ ಹಿಂದೆ ಕೈ ಹಾಕಿ ಬಟ್ಟೆ ಎಳೆದುಕೊಳ್ಳಲಿಲ್ಲ. ಒಬ್ಬ ಎರಡನೆಯ ಬೇಸಿಗೆ ಕದ್ದು ಓಡಿದ. ಮೈದುನ ಎದ್ದದ್ದು ನನಗೆ ಕಾಣಲೇ ಇಲ್ಲ, ಚೆಂಡು ಅಲ್ಲಿ ಮುಟ್ಟಿದ್ದು ಕಂಡಿತು. ಓಡಿದವನು ಔಟಾಗಿ, ಧೂಳು ಕೊಡವಿಕೊಂಡು ವಾಪಸು ಹೋದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಓಡಿದ, ಅವನೂ ಹಾಗೇ ಹೋದ. ಆಮೇಲೆ ಯಾರೂ ಓಡಲಿಲ್ಲ. ನಮ್ಮ ಮನೆಯವರು ಕುರುಗೋಡಿನ ಮಾತು ನಿಲ್ಲಿಸಿದರು. ಬಳ್ಳಾರಿ ತಂಡ ಗೆದ್ದಿತು.

ಗೆದ್ದಮೇಲೆ ಫೋಟೋ. ಪ್ರೆಸಿಡೆಂಟರು ಕುರ್ಚಿ ಬಿಟ್ಟು ಎದ್ದರು, ತಲೆ ಬಾಚಿಕೊಂಡರು, ಮೈದುನನ ಬೆನ್ನು ಚಪ್ಪರಿಸಿದರು. ನಾನು ಬುತ್ತಿಯ ಗಂಟು ಹಿಡಿದು ಹತ್ತಿರವೇ ಬಂದಿದ್ದೆ, ಪ್ರೆಸಿಡೆಂಟರ ಮಾತು ಕೇಳಿಸಿತು:

"ಚಲೋ ಆಡಿದಿ ಲೇ. ಹಂಗ ಆ ಪ್ಯಾಂಟು ಬಿಚ್ಚಿ ಅವನಿಗೆ ಕೊಟ್ಟುಬಿಡು, ಫೋಟೋದಾಗ ನಮ್ಮ ಕ್ಯಾಚರ್ ಸರಿಯಾಗಿ ಕಾಣಬೇಕು. ನೀನೂ ನಿಂತ್ಕ ಬಾ, ಹಿಂದಿನ ಸಾಲಿನಾಗ. ಅಲ್ಲಿ ಜೀನ್ಸು ಕಾಣಂಗಿಲ್ಲ."

ಮೈದುನ ಮಾಸ್ಕು ಕೈಯಲ್ಲೇ ಹಿಡಿದು, ಈ ವರ್ಷ ಮೇಲೆ ಇಟ್ಟುಕೊಳ್ಳುತ್ತೀರಾ ಎಂದು ಮೆಲ್ಲಗೆ ಕೇಳಿದ. ಪ್ರೆಸಿಡೆಂಟರು ಫೋಟೋದವನಿಗೆ ಬೆಳಕು ಯಾವ ಕಡೆಯಿಂದ ಎಂದು ಕೇಳುತ್ತಿದ್ದರು. ಇವನ ಕಡೆ ತಿರುಗದೆಯೇ, ನಮ್ಮ ಕ್ಯಾಚರನ ಬೆರಳು ವಾಸಿಯಾಗುತ್ತದಲ್ಲ, ಮುಂದಿನ ವರ್ಷ ನೋಡೋಣ ಎಂದರು.

ಮೈದುನ ನನ್ನ ಕಡೆ ಕೈ ಚಾಚಿದ. ನಾನು ಬುತ್ತಿ ಬಿಚ್ಚಿ ಡಬ್ಬಿಗಳನ್ನು ಕಲ್ಲಿನ ಮೇಲಿಟ್ಟು ಪಂಚೆ ಕೊಟ್ಟೆ. ಎಣ್ಣೆಗಾಯಿಯ ಜಿಡ್ಡು ಒಂದು ಮೂಲೆಗೆ ಹತ್ತಿತ್ತು. ಟ್ಯಾಂಕರಿನ ಹಿಂದೆ ಹೋಗಿ, ಪಂಚೆ ಸುತ್ತಿಕೊಂಡು, ಬಿಳಿ ಪ್ಯಾಂಟನ್ನು ನೀಟಾಗಿ ಮಡಚಿ ತಂದ. ಅಷ್ಟು ಹೊತ್ತೂ ಇವನ ಜೀನ್ಸ್ ತೊಟ್ಟು ಕುರ್ಚಿಯಲ್ಲಿ ಕೂತಿದ್ದ ಆ ಚಿಕ್ಕ ಕ್ಯಾಚರ್ ಎದ್ದು ಕಾಲು ಕೊಡವಿಕೊಂಡು ಕೇಳಿದ:

"ಏನಣ್ಣ, ಇದರಾಗ ಹೆಂಗ ಕೂಡತಿದ್ದಿ ನೀ?"

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಗಂಡಸು ಅವನು. ಮೈದುನ ನಕ್ಕ. ಪ್ರೆಸಿಡೆಂಟರಿಗೆ ಬೇಸರವಿಲ್ಲದ ದನಿಯಲ್ಲೇ ಹೇಳಿದ:

"ಮುಂದಿನ ವರ್ಷ ನಾ ಬರೂದಿಲ್ರಿ. ನಾಳಿಂದ ಮಿಲ್ಲಿನಾಗ ಮೇಸ್ತ್ರಿ ಅದೀನಿ. ಭಾನುವಾರ ಕೆಲಸ ಐತ್ರಿ."

ಅವರು ಆಗಲಿ ಆಗಲಿ ಎಂದರು. ಕೇಳಿಸಿತೋ ಇಲ್ಲವೋ, ಆ ಹೊತ್ತಿಗೆ ಕ್ಯಾಮೆರಾ ನೋಡಿ ಎದೆ ಉಬ್ಬಿಸಿದ್ದರು. ಫೋಟೋದ ಹಿಂದಿನ ಸಾಲಿನಲ್ಲಿ ಪಂಚೆ ಉಟ್ಟವನು ಇಲ್ಲ. ನಾವು ಮೂವರೂ ಬೇವಿನ ಮರದ ಕೆಳಗೆ ಕೂತು ರೊಟ್ಟಿ ತಿಂದೆವು.

ಮನೆಗೆ ಬಂದು ಮೆಟ್ಟಿಲಲ್ಲಿ ಚಪ್ಪಲಿ ಬಿಡುವಾಗ ನಮ್ಮ ಮನೆಯವರು, ಆ ಪ್ಯಾಂಟು ನಾನು ಸ್ವಲ್ಪ ಸಡಿಲ ಹೊಲಿಯಬೇಕಿತ್ತೇನೋ ಎಂದರು. ಕೈಕಾಲು ತೊಳೆದವರೇ ಕುರುಗೋಡಿಗೆ ಫೋನು ಹಚ್ಚಿ ಎಡಗೈ ಹುಡುಗನ ಇವತ್ತಿನ ಆಟ ವಿಚಾರಿಸಿದರು. ದನಿಯಲ್ಲಿ ಮತ್ತೆ ಜೀವ ಬಂತು. ಅವನಿಗೂ ಅವರೇ ಜೀನ್ಸ್ ಹೊಲಿದುಕೊಟ್ಟಿದ್ದಾರೆ.

ಮೈದುನ ಗ್ಲೌಸನ್ನು ಗೋಡೆಯ ಗೂಡಿನಲ್ಲಿಟ್ಟ. ಅಟ್ಟದ ಮೇಲೆ ಇಡಲಿಲ್ಲ, ಅಟ್ಟ ಧೂಳಾಗಿದೆ ಎಂದ. ಗಿರಣಿಯ ಸಾಹುಕಾರರಿಗೆ ಬರುತ್ತೇನೆ ಎಂದು ಫೋನು ಮಾಡಿದ. ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕೆಂದು ಬ್ಯಾಗು ಕಟ್ಟಿದ. ಜೀನ್ಸ್ ಮಾತ್ರ ಹೊಲಿಗೆ ಮಷೀನಿನ ಮೇಲೆ ಹಾಕಿ, ಏನಾರ ಮಾಡ್ಕ ಅತ್ತಿಗಿ ಎಂದ. ಬಟ್ಟೆ ಗಟ್ಟಿಯೇ ಇದೆ, ಅದರ ಎರಡು ಕಾಲಿನಲ್ಲಿ ಎರಡು ತರಕಾರಿ ಚೀಲವಾಗುತ್ತವೆ. ಕ್ಲಬ್ಬಿನಿಂದ ಈ ಮನೆಗೆ ಬಂದ ಮೊದಲ ಲಾಭ.

ರಾತ್ರಿ ಅನ್ನ, ಹುಣಸೆ ಸಾರು, ಬೆಳಗಿನದು ಉಳಿದಿದ್ದ ಶೇಂಗಾ ಚಟ್ನಿ, ಮೇಲೆ ಮಜ್ಜಿಗೆ. ಮೈದುನ ಎರಡು ಸಲ ಸಾರು ಹಾಕಿಸಿಕೊಂಡ. ಮಂಡಿಗೆ ಎಣ್ಣೆ ಬೇಕೇ ಎಂದು ಕೇಳಿದೆ, ಬೇಡ ಎಂದು ಕಾಲು ಉದ್ದಕ್ಕೆ ಚಾಚಿ ಮಲಗಿದ, ಎಲ್ಲರಿಗಿಂತ ಮೊದಲು ನಿದ್ದೆ ಹೋದ. ನಾನು ಪಾತ್ರೆ ತೊಳೆದು ಮಲಗಿದೆ. ನಮ್ಮ ಮನೆಯವರು ಇನ್ನೂ ಫೋನಿನಲ್ಲಿ ಎಡಗೈ, ಎಡಗೈ ಎನ್ನುತ್ತಿದ್ದರು.