ಸುವರ್ಣಾಳ ಗುಳಿಗೆ, ನನ್ನ ಕೈಯ ಹಾಲು

ಹಿಂದಿನ ದಿನ ನಾವಿಬ್ಬರೂ ಶೇಂಗಾ ಚಟ್ನಿ ಕುಟ್ಟುತ್ತಿದ್ದೆವು. ನಾನು ಹುರಿದು, ಸಿಪ್ಪೆ ಕೇರಿ ಕೊಡುತ್ತಿದ್ದೆ. ಸುವರ್ಣಾ ಒರಳಿಗೆ ಹಾಕಿ ಕುಟ್ಟುತ್ತಿದ್ದಳು. ಅವಳು ನನ್ನ ಮೈದುನ ಶಿವಾನಂದನ ಹೆಂಡತಿ. ಮರಾಠಿ ಸೀಮೆಯ ಗಡಿಯೂರು ಉಮದಿಯ ನಮ್ಮ ಮನೆಗೆ ಹಿರಿಯ ಸೊಸೆ ನಾನು, ಕಿರಿಯ ಸೊಸೆ ಅವಳು. ಒಲೆ ಒಂದೇ.

"ಅಕ್ಕಾರ, ಖಾರ ಇನ್ನೊಂದೀಟ ಬೀಳ್ಲಿ."

"ನಿನ್ನ ಗಂಡಗ ಖಾರ ಆಗಿ ಬರೂದಿಲ್ಲ."

"ಅವರಿಗೆ ನಾ ಒಬ್ಬಾಕಿ ಖಾರ ಇದ್ರ ಸಾಕ್ರಿ. ಚಟ್ನಿ ನಮಗ ಮಾಡೂಣು."

ಕುಟ್ಟುತ್ತಲೇ ಹಿಡಿ ಶೇಂಗಾ ತಿಂದಳು. ಸಂಜೆ ಬಿಸಿ ರೊಟ್ಟಿಯ ಜೊತೆ ಚಟ್ನಿ ತಿಂದಳು. ಹೇಳಿಕೊಳ್ಳುವಂಥದ್ದು ಆ ದಿನ ಬೇರೇನೂ ನಡೆಯಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಮೈತುಂಬ ಗಂಧೆ.

ತೋಳು, ತೊಡೆ, ಬೆನ್ನು ಎಲ್ಲ ಕಡೆ ಕೆಂಪು ಬಾವುಗಳು. ಕೆರೆದಷ್ಟೂ ಅಗಲವಾಗುತ್ತಿದ್ದವು. "ಪಿತ್ತ ಎದ್ದೈತಿ, ಹೆದರಬ್ಯಾಡ," ಅಂದೆ. ನಮ್ಮ ಕಡೆ ಗಂಧೆ ಎಂದರೆ ಪಿತ್ತವೇ. ಅಮಸೂಲ, ಅಂದರೆ ಒಣಗಿಸಿದ ಪುನರ್ಪುಳಿ, ನೆನೆಸಿದ ಹುಳಿ ನೀರನ್ನು ಮೈಗೆ ಸವರಿ, ಕಂಬಳಿ ಹೊದಿಸಿ ಮಲಗಿಸಿದೆ. ಮಧ್ಯಾಹ್ನಕ್ಕೆ ಇಳಿಯಿತು. ಸಂಜೆಗೆ ಬೇರೆ ಕಡೆ ಎದ್ದಿತು.

ಶೇಂಗಾ ನಿಲ್ಲಿಸಿದೆ. ಬದನೆಕಾಯಿ ನಿಲ್ಲಿಸಿದೆ. ಆಮೇಲೆ ಮೊಸರು, ಹುಣಸೆಹಣ್ಣು, ತೊಗರಿಬೇಳೆ. ಅಡುಗೆ ನನ್ನ ಕೈಯಲ್ಲಿತ್ತು, ಅವಳ ತಾಟಿನಿಂದ ಏನು ತೆಗೆಯಬೇಕೆನ್ನುವುದೂ ನನ್ನ ಕೈಯಲ್ಲೇ ಇತ್ತು. ಒಂದನ್ನು ತೆಗೆದಾಗ ಎರಡು ದಿನ ಗಂಧೆ ಏಳದಿದ್ದರೆ ಕಾರಣ ಸಿಕ್ಕಿತೆಂದು ಹಿಗ್ಗುತ್ತಿದ್ದೆ. ಮೂರನೆಯ ದಿನ ಮತ್ತೆ ಎದ್ದಾಗ ಇನ್ನೊಂದನ್ನು ತೆಗೆಯುತ್ತಿದ್ದೆ. ಕೊನೆಗೆ ಅವಳಿಗೆ ಅನ್ನ ಮತ್ತು ಹೆಸರುಬೇಳೆಯ ಕಟ್ಟು ಉಳಿದವು. ಎದುರಿಗೆ ಕುಳಿತು ನಾವೆಲ್ಲ ರೊಟ್ಟಿ, ಪಲ್ಯ ತಿನ್ನುತ್ತಿದ್ದೆವು. ಅವಳು ತಾಟಿನಿಂದ ಕಣ್ಣೆತ್ತುತ್ತಿರಲಿಲ್ಲ.

ಒಂದು ದಿನ ತುಟಿ ಊದಿತು. ಶಿವಾನಂದ ನಮ್ಮಿಬ್ಬರನ್ನು ತಾಲೂಕಿನ ಊರು ಜತ್ತಿಗೆ ಕರೆದುಕೊಂಡು ಹೋದ.

ಅಲ್ಲಿಯ ಡಾಕ್ಟರ್ ಬಾಯಿ ಮರಾಠಿ ಹೆಂಗಸು. ಸುವರ್ಣಾಳಿಗೆ ಯಾವುದು ಆಗಿಬರುವುದಿಲ್ಲ ಎಂದು ನಾನು ಒಂದೊಂದೇ ಹೇಳುತ್ತಿದ್ದೆ. ಅವರು ಅವಳ ಕುತ್ತಿಗೆಯ ಮೇಲೆ ಬೆರಳಿಟ್ಟು, ಉಗುಳು ನುಂಗಲು ಹೇಳಿದರು. ಬ್ಲಡ್ ಟೆಸ್ಟ್ ಬರೆದುಕೊಟ್ಟರು. ರಿಪೋರ್ಟ್ ಬಂದ ಮೇಲೆ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ಅವಳ ದೇಹ ತನ್ನದಲ್ಲವೆಂದು ತಿಳಿದು ಹೊಡೆಯುತ್ತಿದೆ. ಅದರಿಂದ ಗ್ರಂಥಿ ಸೊರಗಿದೆ. ಹೀಗಾದ ಕೆಲವರಲ್ಲಿ ಚರ್ಮವೂ ಸುಮ್ಮನಿರುವುದಿಲ್ಲ. ಅಲರ್ಜಿಯ ರಸವನ್ನು ಹಿಡಿದಿಟ್ಟುಕೊಂಡ ಜೀವಕಣಗಳು ಸಣ್ಣ ಕಾರಣಕ್ಕೆ, ಕೆಲವೊಮ್ಮೆ ಕಾರಣವೇ ಇಲ್ಲದೆ, ಅದನ್ನು ಬಿಡುತ್ತವೆ. ತಿಂದದ್ದರ ತಪ್ಪಲ್ಲ. ಥೈರಾಯ್ಡ್ ದಾರಿಗೆ ಬಂದರೆ ಗಂಧೆಯೂ ಕಡಿಮೆಯಾಗಬಹುದು, ಖಾತ್ರಿ ಹೇಳಲಾರೆ ಅಂದರು.

ಎರಡು ಗುಳಿಗೆ ಬರೆದರು. ರಾತ್ರಿ ತುರಿಕೆಯದು, ಅದು ನಿದ್ದೆ ತರುತ್ತದೆ. ಬೆಳಿಗ್ಗೆ ಥೈರಾಯ್ಡಿನದು. "ಅನಶಾ ಪೋಟೀ," ಅಂದರು. ಖಾಲಿ ಹೊಟ್ಟೆಯಲ್ಲಿ. ಎರಡು ತಿಂಗಳಿಗೆ ಮತ್ತೆ ಟೆಸ್ಟ್ ಮಾಡಿಸಿಕೊಂಡು ಬನ್ನಿ ಅಂದರು.

ಬಸ್ಸಿನಲ್ಲಿ ಸುವರ್ಣಾ ನನ್ನ ಭುಜಕ್ಕೆ ಭುಜ ತಾಗಿಸಿದಳು. "ಅಕ್ಕಾರ, ಹಂಗಾದ್ರ ಬದನಿಕಾಯಿ ಏನೂ ತಪ್ಪ ಮಾಡಿರಲಿಲ್ಲ. ಮನಿಗೆ ಹೋಗಿ ಅದಕ್ಕೊಂದು ಕೈ ಮುಗೀರಿ."

ನಾನೂ ನಕ್ಕೆ.

ಪೂಜೆ ಮುಗಿಯದೆ ಬಾಯಿಗೆ ಏನೂ ಹಾಕಿಕೊಳ್ಳದ ಮನೆ ನಮ್ಮದು. ಅವಳು ಸ್ನಾನ, ಲಿಂಗಪೂಜೆ ಮುಗಿಸಿ ಬರುವ ಹೊತ್ತಿಗೆ ನಾನು ಗುಳಿಗೆ ತೆಗೆದಿಟ್ಟಿರುತ್ತಿದ್ದೆ. ಪಕ್ಕದಲ್ಲಿ ಒಂದು ಲೋಟ ಎಮ್ಮೆ ಹಾಲು. ಗುಳಿಗೆ ಉಷ್ಣ, ಉಷ್ಣವಾದರೆ ಪಿತ್ತ ಮತ್ತೆ ಏಳುತ್ತದೆ ಎಂಬುದು ನನ್ನ ಲೆಕ್ಕ. ಡಾಕ್ಟರರು ಅಷ್ಟು ಹೇಳಿದ ಮೇಲೂ ಪಿತ್ತ ನನ್ನ ತಲೆಯಿಂದ ಹೋಗಿರಲಿಲ್ಲ.

"ಖಾಲಿ ಹೊಟ್ಟಿಲೆ ಅಂದಾರಲ್ರಿ ಅಕ್ಕಾರ," ಎಂದು ಮೊದಲ ದಿನವೇ ಕೇಳಿದ್ದಳು.

"ಸೋಮವಾರದ ಉಪಾಸಕ್ಕ ಹಾಲು ನಡೀತೈತಿ. ಗುಳಿಗಿಗೆ ನಡ್ಯಾಂಗಿಲ್ಲೇನ? ಕುಡಿ ಸುಮ್ಮನ."

"ನೀವು ವಕೀಲ ಆಗಬೇಕಿತ್ತು ನೋಡ್ರಿ," ಎಂದು ಕುಡಿದಳು.

ಹಾಲು ಕುಡಿದರೆ ಉಪವಾಸ ಮುರಿಯುವುದಿಲ್ಲ, ಅಂದಮೇಲೆ ಹೊಟ್ಟೆ ಖಾಲಿಯೇ. ಇಷ್ಟು ಸರಳವಾಗಿತ್ತು ನನಗೆ. ಒಂದು ದಿನವೂ ತಪ್ಪಿಸಲಿಲ್ಲ. ನನಗೆ ಜ್ವರವಿದ್ದ ದಿನವೂ ಎದ್ದು ಹಾಲು ಕಾಯಿಸಿದ್ದೇನೆ.

ಗಂಧೆ ಕಡಿಮೆಯಾಯಿತು. ರಾತ್ರಿಯ ಗುಳಿಗೆಯಿಂದ ಆಗಿರಬೇಕು. ನಾವು ಥೈರಾಯ್ಡ್ ದಾರಿಗೆ ಬಂತೆಂದುಕೊಂಡೆವು. ಹಳೆಯ ಚೀಟಿ ತೋರಿಸಿ ಅದೇ ಗುಳಿಗೆ ತರುತ್ತಿದ್ದೆವು. ಟೆಸ್ಟಿಗೆ ಮತ್ತೆ ಜತ್ತಿಗೆ ಹೋಗಲಿಲ್ಲ.

ಚಳಿಗಾಲ ಬಂತು. ಸುವರ್ಣಾ ಮಧ್ಯಾಹ್ನದ ಬಿಸಿಲಿನಲ್ಲೂ ಶಾಲು ಹೊದ್ದುಕೊಂಡು ಕೂರುತ್ತಿದ್ದಳು. ದನಿ ದಪ್ಪಗಾಯಿತು. ಕೇಳಿದ್ದಕ್ಕೆ ಉತ್ತರ ಬರಲು ಹೊತ್ತಾಗುತ್ತಿತ್ತು. ಚೇಷ್ಟೆ ಮಾಡುವುದನ್ನು ಬಿಟ್ಟಳು. ಯಾವಾಗಲೂ ನಿದ್ದೆ. ತುರಿಕೆಯ ಗುಳಿಗೆ ನಿದ್ದೆ ತರುತ್ತದೆಂದು ಡಾಕ್ಟರರೇ ಹೇಳಿದ್ದರಲ್ಲ ಎಂದುಕೊಂಡೆವು. ಮುಖ, ಕಣ್ಣಿನ ಸುತ್ತ ಊದಿಕೊಂಡಿತು. ತುಟಿ ಊದಿದ್ದನ್ನು ನೋಡಿದ್ದೆವು, ಇದೂ ಅಲರ್ಜಿಯೇ ಎಂದುಕೊಂಡೆವು. ತುರಿಕೆಯ ಗುಳಿಗೆಯನ್ನು ಹಗಲೂ ಒಂದು ಕೊಟ್ಟೆ. ಎಲ್ಲದಕ್ಕೂ ನಮ್ಮ ಹತ್ತಿರ ಕಾರಣವಿತ್ತು.

ಆಮೇಲೆ ಕೆಮ್ಮು ಹತ್ತಿತು. ಒಂದು ಬೆಳಿಗ್ಗೆ ಎಬ್ಬಿಸಲು ಹೋದೆ. ಕೈ ತಣ್ಣಗಿತ್ತು. ಉಸಿರಿತ್ತು.

ಏಳಲಿಲ್ಲ.

ವಿಜಯಪುರಕ್ಕೆ ಒಯ್ದೆವು. ಐಸಿಯು. ಬಾಗಿಲಿನ ಹೊರಗೆ ಡಾಕ್ಟರು ಹಳೆಯ ರಿಪೋರ್ಟ್, ಹೊಸ ರಿಪೋರ್ಟ್ ಎರಡನ್ನೂ ಹಿಡಿದು ನಿಂತಿದ್ದರು. ಥೈರಾಯ್ಡ್ ಮೊದಲಿಗಿಂತಲೂ ಕೆಟ್ಟಿದೆ, ಆ ಚಳಿ, ನಿದ್ದೆ, ಮುಖದ ಬಾವು ಎಲ್ಲ ಅದರದೇ, ಗುಳಿಗೆ ನಿಲ್ಲಿಸಿದ್ದರೇನು ಎಂದು ಕೇಳಿದರು. ನನಗೆ ಸಿಟ್ಟು ಬಂತು. "ಇಲ್ರಿ ಸಾಹೇಬ್ರ, ಒಂದ ದಿನಾನೂ ತಪ್ಪಿಲ್ಲ. ನಾನ ಕೈಯಾರೆ ಹಾಲಿನ ಕೂಡ ಕೊಟ್ಟೀನಿ."

"ಹಾಲಿನ ಕೂಡ?"

ಅವರು ಗದರಲಿಲ್ಲ. ಹಾಲಿನ ಜೊತೆ ಈ ಗುಳಿಗೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ, ಬರೀ ನೀರಿನಲ್ಲಿ ನುಂಗಿ ಸ್ವಲ್ಪ ಹೊತ್ತು ಕಾಯಬೇಕು ಎಂದು ಮೆಲ್ಲಗೆ ಹೇಳಿದರು. ಶಿವಾನಂದ ನನ್ನ ಪಕ್ಕದಲ್ಲೇ ನಿಂತಿದ್ದ. ನಾನು ಅವನ ಕಡೆ ನೋಡಲಿಲ್ಲ.

ಸುವರ್ಣಾ ಕಣ್ಣು ತೆರೆಯಲಿಲ್ಲ. ಅಲ್ಲಿಯೇ ತೀರಿಕೊಂಡಳು.

ಕಾಗದಗಳಿಗೆ ಸಹಿ ಮಾಡುವಾಗ ಅದೇ ಡಾಕ್ಟರು ನನ್ನನ್ನು ಕರೆದರು. "ನ್ಯುಮೋನಿಯಾ ಆಗಿತ್ತರಿ ಅಮ್ಮಾ. ನಡುವ ಆಗಬೇಕಾದ ಟೆಸ್ಟ್ ಆಗಿರಲಿಲ್ಲ, ಬರೂದೂ ತಡ ಆತು. ಹಾಲು ಒಂದರಿಂದನ ಆತು ಅಂತ ತಿಳ್ಕೋಬ್ಯಾಡ್ರಿ." ಅವರ ಒಳ್ಳೆಯತನವನ್ನು ಮರೆಯಲಾರೆ. ಆದರೆ ಒಂದರಿಂದಲೇ ಅಲ್ಲ ಎಂದರೆ ಅದರಿಂದಲೂ ಹೌದು. ಅಷ್ಟು ಕನ್ನಡ ನನಗೂ ತಿಳಿಯುತ್ತದೆ.

ಮನೆಯಲ್ಲಿ ಶಿವಾನಂದ ಬಹಳ ದಿನ ತಲೆ ತಗ್ಗಿಸಿಕೊಂಡು ಬಡಿಸಿದ್ದನ್ನು ಉಂಡು ಏಳುತ್ತಿದ್ದ. ಒಂದು ಮಧ್ಯಾಹ್ನ ತಡೆಯಲಾರದೆ ನಾನೇ ಹೇಳಿದೆ. "ಶಿವಾನಂದ, ನಾ ಹಾಲು ಕೊಡಬಾರದಿತ್ತಪಾ."

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ವೈನಿ, ದಿನಾ ನಾನೂ ನೋಡ್ತಿದ್ನಿ. ಖಾಲಿ ಹೊಟ್ಟಿ ಅಂದದ್ದು ನನಗೂ ಕೇಳಿಸಿತ್ತು. ನಾ ಯಾಕ ಅನ್ನಲಿಲ್ಲ?" ತಾಟು ಮುಂದಕ್ಕೆ ಸರಿಸಿ, "ಪಲ್ಯ ಹಾಕ್ರಿ," ಅಂದ. ಹಾಕಿದೆ. ಅವನು ಇಷ್ಟು ಹೇಳದೆಯೂ ಇರಬಹುದಿತ್ತು. ಹೇಳಿದ, ಅದು ದೊಡ್ಡದು.

ಓಣಿಯಲ್ಲಿ ಥೈರಾಯ್ಡ್ ಗುಳಿಗೆ ನುಂಗುವ ಹೆಂಗಸರಿಗೆ ಈಗ ಹೇಳುತ್ತೇನೆ. ಬರೀ ನೀರು, ಚಹಾ ಕೂಡ ಆಮೇಲೆ. "ಹಾಲಿನಿಂದ ಏನಾಕ್ಕೈತಿ ಬಿಡ್ರಿ," ಎಂದು ಒಬ್ಬಳು ನಕ್ಕಳು. ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಏನಾಯಿತೆಂದು ಮೊದಲಿನಿಂದ ಹೇಳಿದೆ. ಆಮೇಲೆ ಅವಳು ನಗಲಿಲ್ಲ.

ಡಾಕ್ಟರರಿಗೆ ಹೇಳಿದ್ದೇನೆ, ಮೈದುನನಿಗೆ ಹೇಳಿದ್ದೇನೆ, ಓಣಿಗೆ ಹೇಳಿದ್ದೇನೆ. ಯಾರೂ ನನ್ನನ್ನು ಬೈಯಲಿಲ್ಲ. ಬೈಯಬೇಕಾದವಳು ಸುವರ್ಣಾ. ಅವಳಿಲ್ಲ.