ನಡುವಿನ ಗೋಡೆ ತೆಗೆಸಿದ ಟೀಚರ್

ನಮ್ಮ ಶಾಲೆಯಲ್ಲಿ ಮಕ್ಕಳಷ್ಟೇ ಅಲ್ಲ, ಅವರ ಅಪ್ಪ ಅಮ್ಮಂದಿರೂ ಪಕ್ಕದ ತರಗತಿಯ ಟೀಚರನ್ನು ಗುಡುಗು ಟೀಚರ್ ಅಂತಲೇ ಕರೆಯುತ್ತಿದ್ದರು. ಒಂದನೇ ತರಗತಿ ಅವರದು, ಎರಡನೇ ತರಗತಿ ನನ್ನದು. ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಅತ್ತ ಅವರು ಉಕ್ತಲೇಖನ ಕೊಟ್ಟರೆ ಇತ್ತ ನನ್ನ ಮಕ್ಕಳೂ ಬರೆದುಕೊಳ್ಳುತ್ತಿದ್ದರು, ಅಂಥ ಗಂಟಲು. ಆದರೆ ಮಗುವೊಂದರ ಮೇಲೆ ಅವರು ರೇಗಿದ್ದನ್ನು ನಾನು ಕೇಳಿಲ್ಲ. ಅವರ ಸಿಟ್ಟೆಲ್ಲ ಇಲಾಖೆಯ ಮೇಲೆ.

ಸಿಟ್ಟಿಗೆ ಕಾರಣವೂ ಇತ್ತು. ನಮ್ಮ ಇಲಾಖೆಗೆ ಬೇರೆ ದೇಶದ ಶಾಲೆ ನೋಡಿ ಬರುವ ಚಟ. ಹಿಂದಿನ ಸಾಹೇಬರು ಲೆಕ್ಕದಲ್ಲಿ ಎತ್ತಿದ ಕೈಯಾದ ದೇಶವೊಂದಕ್ಕೆ ಹೋಗಿ ಬಂದರು. ಬಂದವರೇ ದಿನಾ ಪರೀಕ್ಷೆ, ಸಂಜೆ ಹೆಚ್ಚುವರಿ ಪಾಠ, ಬಾಗಿಲಿಗೆ ರ್‍ಯಾಂಕು ಅಂಟಿಸಿ ಅಂದರು. ಪುಟ್ಟ ಮಕ್ಕಳು ಬೆಳಗಾದರೆ ಹೊಟ್ಟೆನೋವು ಅನ್ನತೊಡಗಿದರು. ಆ ಸಾಹೇಬರು ಬಡ್ತಿ ಪಡೆದು ಹೋದ ಮೇಲೆ ಬಂದವರು ಇನ್ನೊಂದು ದೇಶ ನೋಡಿಬಂದರು. ಅಲ್ಲಿ ಚಿಕ್ಕ ಮಕ್ಕಳಿಗೆ ಪರೀಕ್ಷೆಯೇ ಇಲ್ಲವಂತೆ, ಆಡಾಡುತ್ತಲೇ ಕಲಿಯುತ್ತಾರಂತೆ. ಸರಿ, ಪರೀಕ್ಷೆ ಬಂದ್, ಹೋಮ್‌ವರ್ಕ್ ಬಂದ್. ಬೆಂಚು ಹೋಗಿ ಬಣ್ಣದ ದುಂಡು ಮೇಜು ಬಂದವು. ಓದಲು ಬಾರದೆ ಬೆಂಚಿನ ಮೇಲೆ ಕೂತಿದ್ದ ಮಕ್ಕಳು ಓದಲು ಬಾರದೆಯೇ ಮೇಜಿನ ಸುತ್ತ ಕೂತರು.

ಗುಡುಗು ಟೀಚರಿಗೆ ಇದು ಮನೆಯ ನೋವು ಕೂಡ. ಅವರ ತಮ್ಮ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾನೆ. ಶಾಲೆಗೆ ತಪ್ಪದೆ ಹೋದವನು, ವರ್ಷವರ್ಷವೂ ಪಾಸಾದವನು, ಆದರೆ ಓದಲು ಬಾರದು. ಪ್ರತಿ ಟೀಚರೂ ಅವನನ್ನು ಮುಂದಿನ ತರಗತಿಗೆ ದಾಟಿಸಿ ಕೈತೊಳೆದುಕೊಂಡಿದ್ದರು. ಒಮ್ಮೆ ಮಾಲೀಕರು ಅವನನ್ನು ಸೂಪರ್‌ವೈಸರ್ ಮಾಡುತ್ತೇನೆ ಅಂದಾಗ ಬೇಡ ಅಂದುಬಿಟ್ಟ. ವರದಿ ಬರೆಯಬೇಕಲ್ಲ!

"ನಂಗೆ ವ್ಯಾನೇ ಇಷ್ಟ ಅಕ್ಕಾ ಅಂತಾನೆ ಕಣೇ," ಎಂದು ಟೀಚರ್ ನನಗೆ ಹೇಳಿದ್ದರು. "ಸುಳ್ಳು ಅಂತ ನಂಗೂ ಗೊತ್ತು, ಅವನಿಗೂ ಗೊತ್ತು. ಅವನನ್ನ ಪಾಸ್ ಮಾಡಿದ ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಿ ಬೈಬೇಕು ಅನ್ಸುತ್ತೆ."

ಸಭೆಯಿಂದ ಸಭೆಗೆ ಇವರ ಗಲಾಟೆ ಜಾಸ್ತಿಯಾದಾಗ ಸಾಹೇಬರೇ ಒಂದು ಉಪಾಯ ಹೂಡಿದರು. "ಈ ಸಲದ ತಂಡದಲ್ಲಿ ಅವರನ್ನೂ ಸೇರಿಸಿ. ಒಂದ್ಸಲ ಕಣ್ಣಾರೆ ನೋಡಿದ್ರೆ ಬಾಯಿ ಮುಚ್ಕೋತಾರೆ." ಹಾಗೆ ಗುಡುಗು ಟೀಚರ್ ಮೊದಲ ಬಾರಿ ವಿಮಾನ ಹತ್ತಿದರು.

ಪರೀಕ್ಷೆ ಇಲ್ಲದ ಆ ದೇಶದಲ್ಲಿ ತಂಡದವರು ಕುರ್ಚಿ, ಕಿಟಕಿ, ಮಕ್ಕಳ ಚಪ್ಪಲಿ ಗೂಡಿನ ಫೋಟೋ ತೆಗೆಯುತ್ತ ಓಡಾಡಿದರು. ಇವರು ಒಂದು ತರಗತಿಯ ಮೂಲೆ ಹಿಡಿದು ಕೂತವರು ಏಳಲೇ ಇಲ್ಲ. ಒಬ್ಬ ಹುಡುಗಿ ಒಂದು ಪದದ ಹತ್ತಿರ ತಡವರಿಸಿದಳು, ಮತ್ತೆ ತಡವರಿಸಿದಳು. ಪಾಠ ಮಾಡುತ್ತಿದ್ದ ಅಲ್ಲಿನ ಟೀಚರ್ ಬಾಗಿಲ ಕಡೆ ನೋಡಿ ತಲೆಯಾಡಿಸಿದರು. ಇನ್ನೊಬ್ಬ ಟೀಚರ್ ಒಳಗೆ ಬಂದು ಆ ಹುಡುಗಿಯ ಪಕ್ಕ ಕೂತರು. ಅವಳಿಗೆ ಆ ಪದ ಬರುವ ತನಕ ಮೇಲೇಳಲಿಲ್ಲ. ಮಕ್ಕಳು ಹೋದ ಮೇಲೆ ಎಲ್ಲ ಟೀಚರುಗಳೂ ಸೇರಿ, ಆವತ್ತಿನ ಒಂದು ಪಾಠ ಯಾಕೆ ಮಕ್ಕಳ ತಲೆಗೆ ಹೋಗಲಿಲ್ಲ ಅಂತ ಜಗಳವೇ ಆಡಿದರು.

ಹಿಂದಿನ ಸಾಹೇಬರು ನೋಡಿಬಂದಿದ್ದ ಲೆಕ್ಕದ ದೇಶದ ಟೀಚರ್ ಒಬ್ಬರೂ ಆ ಶಾಲೆ ನೋಡಲು ಬಂದಿದ್ದರು. ಇವರು ದುಭಾಷಿಯನ್ನು ಹಿಡಿದುಕೊಂಡು ಅವರನ್ನು ಕೇಳಿದರು: ನಿಮ್ಮಲ್ಲಿ ಹೇಗೆ? ನಮ್ಮಲ್ಲೂ ಪಾಠದ ಮೇಲೆ ಹೀಗೇ ಜಗಳ ಆಡ್ತೀವಿ, ಹಿಂದೆ ಬಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕಲಿಸ್ತೀವಿ ಅಂದರು ಅವರು. ಆತಿಥೇಯ ಶಾಲೆಯ ಟೀಚರ್ ಮಾತ್ರ ನಿಟ್ಟುಸಿರಿಟ್ಟು, "ನಮ್ಮನ್ನು ದೇವಲೋಕದವರು ಅಂದುಕೊಳ್ಳಬೇಡಿ, ನಮ್ಮ ಕೈತಪ್ಪಿದ ಮಕ್ಕಳೂ ಇದ್ದಾರೆ" ಅಂದರಂತೆ.

ಊರಿಗೆ ಮರಳಿದ ಮೇಲೆ ದೊಡ್ಡ ಸಭಾಂಗಣದಲ್ಲಿ ಸಾಹೇಬರು ಕುರ್ಚಿ ಕಿಟಕಿಗಳ ಚಿತ್ರ ತೋರಿಸಿದರು. ಕೊನೆಗೆ ವಂದನಾರ್ಪಣೆ ಗುಡುಗು ಟೀಚರಿಗೆ. ಅವರು ಎದ್ದ ರೀತಿ ನೋಡಿ, ಪಕ್ಕದಲ್ಲಿ ಕೂತಿದ್ದ ನಾನು ಸೆರಗು ಹಿಡಿದೆಳೆದೆ; ಬಿಡಿಸಿಕೊಂಡು ವೇದಿಕೆ ಹತ್ತಿದರು.

"ಒಂದು ದೇಶದಲ್ಲಿ ದಿನಾ ಪರೀಕ್ಷೆ, ಇನ್ನೊಂದರಲ್ಲಿ ಪರೀಕ್ಷೆನೇ ಇಲ್ಲ. ಎರಡು ಕಡೇನೂ ಮಕ್ಕಳು ಓದ್ತಾರೆ. ಹಾಗಾದ್ರೆ ಗುಟ್ಟು ಪರೀಕ್ಷೇಲಿ ಇಲ್ಲ, ಅಲ್ವಾ ಸರ್? ತಡವರಿಸೋ ಮಗುವಿನ ಕೈನ ಎರಡು ಕಡೇನೂ ಬಿಡಲ್ಲ. ನಾವು ಬಿಡ್ತೀವಿ. ನೀವು ಅಲ್ಲಿಂದ ಕುರ್ಚಿ ತಂದ್ರಿ, ಮೇಜು ತಂದ್ರಿ. ಇದೊಂದನ್ನ ಯಾಕೆ ತರಲಿಲ್ಲ?"

"ಟೀಚರ್, ನಿಮಗೆ ಕೊಟ್ಟಿದ್ದು ವಂದನಾರ್ಪಣೆ," ಎಂದರು ಸಾಹೇಬರು.

"ವಂದನೆಗಳು," ಎಂದು ಮೈಕನ್ನು ಮೇಜಿನ ಮೇಲೆ ಕುಕ್ಕಿ ಇಳಿದುಬಂದರು.

ಮರುದಿನ ಶಾಲೆಯ ಜವಾನನಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ಪ್ಲೈವುಡ್ ಗೋಡೆಯ ಎದುರು ನಿಂತಿದ್ದರು. "ಸ್ವಲ್ಪ ಹೊತ್ತು ಎರಡೂ ತರಗತೀನ ನೀನು ನೋಡ್ಕೋ. ಕಥೆ ಹೇಳು, ಹಾಡಿಸು, ಏನಾದ್ರೂ ಮಾಡು. ತಡವರಿಸೋರನ್ನ ನಾನು ಕೂರಿಸ್ಕೋತೀನಿ. ನಾಳೆ ನಾನು ನೋಡ್ಕೋತೀನಿ, ನೀನು ಕೂರಿಸ್ಕೋ." ನಾನು ಹಲಗೆ ಹಿಡಿದುಕೊಂಡೆ, ಅವರು ಸ್ಕ್ರೂ ಬಿಚ್ಚಿದರು. ಹೆಡ್‌ಮಾಸ್ಟರು ಒಳ್ಳೆಯವರು, ನೋಡಿಯೂ ನೋಡದವರ ಹಾಗೆ ಹೋದರು. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಕೂತು ಕಚ್ಚಾಡುತ್ತಿದ್ದೆವು. ನನ್ನ ಪಾಠ ಸಪ್ಪೆ ಅಂತ ಅವರು, ನಿಮ್ಮ ಗಂಟಲಿಗೆ ಅರ್ಧ ಮಕ್ಕಳು ಬೆಚ್ಚಿಬೀಳ್ತಾರೆ ಅಂತ ನಾನು. ಅವರು ಮುನಿಸಿಕೊಂಡರು, ಆದರೆ ದನಿ ತಗ್ಗಿಸಿದರು. ಆ ವರ್ಷ ಕಳೆಯುವಷ್ಟರಲ್ಲಿ ಎರಡೂ ತರಗತಿಯ ಮಕ್ಕಳೆಲ್ಲ, ಕೆಲವರು ಎಡವುತ್ತ, ಓದತೊಡಗಿದರು.

ಸುದ್ದಿ ಇಲಾಖೆಗೆ ಮುಟ್ಟಿತು. ಸಾಹೇಬರೇ ಬಂದರು. ಮಕ್ಕಳು ಓದಿದ್ದನ್ನು ನಿಂತುಕೊಂಡೇ ಕೇಳಿ, ಗೋಡೆ ಇದ್ದ ಜಾಗವನ್ನು ನಾಲ್ಕು ದಿಕ್ಕಿನಿಂದ ಫೋಟೋ ತೆಗೆಸಿದರು. "ಅದ್ಭುತ! ತೆರೆದ ತರಗತಿ!" ಎಂದರು. ಆಮೇಲೆ ಆದೇಶ ಬಂತು: ಎಲ್ಲ ಶಾಲೆಗಳಲ್ಲೂ ನಡುವಿನ ಗೋಡೆ ಕೆಡವತಕ್ಕದ್ದು. ಅದರ ಬೆನ್ನಿಗೇ ಇನ್ನೊಂದು: ಗೋಡೆ ಇಲ್ಲದ ಕಡೆ ಎರಡು ಕೋಣೆ ಒಂದೇ ಕೋಣೆ ಆಗುವುದರಿಂದ ಒಬ್ಬ ಟೀಚರ್ ಸಾಕು. ಹೆಚ್ಚುವರಿ ಟೀಚರನ್ನು ಬೇರೆಡೆಗೆ ವರ್ಗಾಯಿಸತಕ್ಕದ್ದು.

ನಮ್ಮಲ್ಲಿ ಹೆಚ್ಚುವರಿಯಾದವರು ಗುಡುಗು ಟೀಚರ್.

ಆದೇಶ ಓದಿದವರೇ ಬಸ್ಸು ಹತ್ತಿದರು. ನಾನೂ ಹಿಂದೆ ಓಡಿದೆ. ಸಾಹೇಬರ ಕೋಣೆಗೆ ನುಗ್ಗಿ ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಲಿಲ್ಲ. ಮೆಲ್ಲನೆಯ ದನಿಯಲ್ಲಿ ಕೇಳಿದರು, ನನಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

"ಗೋಡೆ ತೆಗೆದಿದ್ದು ಇಬ್ಬರು ಒಟ್ಟಿಗೆ ಕೆಲಸ ಮಾಡ್ಲಿ ಅಂತ ಸರ್. ನೀವು ಒಬ್ಬರನ್ನ ತೆಗೆದು ಗೋಡೆ ಇಲ್ಲದ ಜಾಗ ಇಟ್ಕೊಂಡ್ರಿ. ನಿಮ್ಮ ಮೊಮ್ಮಗ ಓದೋ ಶಾಲೇಲಿ ಹೀಗೆ ಮಾಡ್ತೀರಾ?"

"ನಿಮ್ಮ ಮಾದರೀನೇ ರೀ ನಾವು ಎಲ್ಲ ಕಡೆ ತರ್ತಿರೋದು. ಖುಷಿಪಡಿ."

"ಥೂ," ಅಂದರು ಅವರು. ಆದೇಶದ ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಹೊರಬಂದರು.

ಮಕ್ಕಳ ಅಪ್ಪ ಅಮ್ಮಂದಿರು ಕಚೇರಿಯ ಮುಂದೆ ನಿಂತು ಕೇಳಿಕೊಂಡರು, ಹೆಡ್‌ಮಾಸ್ಟರು ಬೇಡಿಕೊಂಡರು. ಯಾವುದೂ ನಡೆಯಲಿಲ್ಲ. ಈಗ ಅವರಿರುವುದು ಊರಿನ ಆಚೆ ತುದಿಯ ಶಾಲೆಯಲ್ಲಿ. ಹೋದ ವಾರ ಅಲ್ಲಿನ ಹೆಡ್‌ಮಾಸ್ಟರು ನನಗೆ ಫೋನು ಮಾಡಿ, "ಇವರು ಯಾವಾಗ್ಲೂ ಹೀಗೇನಾ?" ಅಂತ ಕೇಳಿದರು. "ಇಲ್ಲ ಸರ್, ಇನ್ನೂ ಶುರು ಮಾಡಿಲ್ಲ," ಅಂದೆ. ಮೂರನೇ ತರಗತಿಯ ಟೀಚರನ್ನು ಒಪ್ಪಿಸಿ, ಅಲ್ಲೂ ಸರದಿಯ ಮೇಲೆ ಮಕ್ಕಳ ಪಕ್ಕ ಕೂರುವುದು ನಡೆಸಿದ್ದಾರಂತೆ.

ಇಲ್ಲಿ ಎರಡು ತರಗತಿಗೆ ನಾನೊಬ್ಬಳೇ. ಕೋಣೆಯ ಆ ತುದಿಯಲ್ಲಿ ಒಬ್ಬ ಹುಡುಗ ಪುಸ್ತಕ ಬಿಡಿಸಿ, ಒಂದು ಪದದ ಮೇಲೆ ಬೆರಳಿಟ್ಟು, ನನ್ನ ಕಡೆಗೇ ನೋಡುತ್ತಿರುತ್ತಾನೆ. ಬಂದೆ ಪುಟ್ಟಾ ಅನ್ನುತ್ತೇನೆ. ಅಷ್ಟರಲ್ಲಿ ಈ ತುದಿಯಲ್ಲಿ ಗಲಾಟೆ ಏಳುತ್ತದೆ. ಗಂಟೆ ಹೊಡೆಯುತ್ತದೆ. ಅವನು ಬೆರಳು ತೆಗೆದು ಪುಸ್ತಕ ಮುಚ್ಚುತ್ತಾನೆ. ನನ್ನ ಮೈಯೆಲ್ಲ ಉರಿಯುತ್ತದೆ.